ನಾಟಿ, ಗಿರಿರಾಜ, ಸ್ವರ್ಣಧಾರ: ಮೊಟ್ಟೆಗೆ ಯಾವುದು?

ಈ ಮೂರೂ ಬಗೆಯ ಕೋಳಿಗಳನ್ನು ಜಗಳೂರಿನ ನಮ್ಮ ಹಿತ್ತಲಲ್ಲೇ ಸಾಕಿ ನೋಡಿದ್ದೇನೆ. ಬರೀ ಮೊಟ್ಟೆ ಎಣಿಸಿದರೆ ಸ್ವರ್ಣಧಾರವೇ ಮುಂದೆ. ಆದರೂ ನಾಟಿ ಹ್ಯಾಟೆ ಇಲ್ಲದೆ ನಮ್ಮ ಹಿತ್ತಲು ನಡೆಯಲ್ಲ.

ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಜಾಸ್ತಿ. ಕಾರಣ ಸೋಮಾರಿತನ ಅಲ್ಲ, ಕಾವು. ಹತ್ತು ಹನ್ನೆರಡು ಮೊಟ್ಟೆ ಆಯಿತೋ ಇಲ್ಲವೋ, ಪುಟ್ಟಿಯಲ್ಲಿ ಕೂತುಬಿಡುತ್ತದೆ. ಆಗ ಕೈ ಹಾಕಿ ನೋಡಿ: ಪುಕ್ಕವೆಲ್ಲ ಉಬ್ಬಿಸಿ ಗುರ್ ಎನ್ನುತ್ತದೆ, ಮುಂಗೈಗೆ ಕುಕ್ಕುತ್ತದೆ. ಹೊಟ್ಟೆಯಡಿ ಪುಕ್ಕ ಉದುರಿ ಬರಿಯ ಚರ್ಮ ಸುಡುಸುಡು ಎನ್ನುತ್ತಿರುತ್ತದೆ. ಕಾವಿಗೆ ಕೂರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಮೈಯಲ್ಲಿ ಏರಿದಾಗ ಅಂಡಾಶಯ ಕೆಲಸ ನಿಲ್ಲಿಸುತ್ತದೆ. 21 ದಿನ ಕಾವು, ಆಮೇಲೆ ಮರಿಗಳ ಹಿಂದೆ ತಿರುಗಾಟ. ಅಷ್ಟೂ ದಿನ ಮೊಟ್ಟೆ ಬಂದ್.

ಈ ಗುಣ ವಂಶದಲ್ಲೇ ಬರುವಂಥದ್ದು. ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರೆ ಮೊಟ್ಟೆ ಏರುತ್ತದೆ, ತಾಯ್ತನ ಹೋಗುತ್ತದೆ. ಎರಡೂ ಒಂದೇ ಕೋಳಿಯಲ್ಲಿ ಬೇಕು ಅಂದರೆ ಹೇಗೆ?

ಗಿರಿರಾಜದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ, ತೂಕ ಚೆನ್ನಾಗಿದೆ, ವರ್ಷಕ್ಕೆ ನೂರಮೂವತ್ತರಿಂದ ನೂರೈವತ್ತು ಮೊಟ್ಟೆ. ಆದರೆ ಮೈಭಾರ. ನಾಯಿ ಬಂದರೆ ಓಡಲಾರದು, ಮರ ಹತ್ತುವ ಮಾತಂತೂ ಇಲ್ಲ. ಮಾಂಸಕ್ಕೆ ಸಾಕುವವರಿಗೆ ಸರಿ.

ಸ್ವರ್ಣಧಾರವೂ ಅಲ್ಲಿಯದೇ. ಗಿರಿರಾಜಕ್ಕಿಂತ ಹಗುರ, ಚುರುಕು, ವರ್ಷಕ್ಕೆ ನೂರೆಂಬತ್ತರ ಆಸುಪಾಸು. ಆದರೆ ಸುಮ್ನೆ ತಿಪ್ಪೆ ಕೆದರಿಕೊಂಡು ಅಷ್ಟು ಇಡಲ್ಲ. ನಮ್ಮ ಕಡೆ ಮೆಕ್ಕೆಜೋಳಕ್ಕೇನು ಬರ, ನುಚ್ಚು ಎರಚಿದರೆ ಸಾಕು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹೊಟ್ಟೆ ತುಂಬುತ್ತದೆ, ಮೊಟ್ಟೆ ತುಂಬಲ್ಲ. ಹಿಂಡಿ ಬೇಕು, ಸುಣ್ಣದಂಶಕ್ಕೆ ಚಿಪ್ಪಿನ ಪುಡಿ ಬೇಕು. ಇಲ್ಲದಿದ್ದರೆ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಬೆರಳು ಒತ್ತಿದರೇ ಒಳಗೆ ಹೋಗುತ್ತದೆ. ಇನ್ನೊಂದು ಮಾತು: ಇದು ಮಿಶ್ರತಳಿ. ಇದರ ಮೊಟ್ಟೆಯನ್ನೇ ಮರಿ ಮಾಡಿಸಿದರೆ ಮಕ್ಕಳೆಲ್ಲ ತಾಯಿಯಂತೆ ಇಡಲ್ಲ. ಗುಣ ಹರಿದು ಹಂಚಿಹೋಗುತ್ತದೆ. ಪ್ರತಿ ಸಲ ಮರಿ ಕೊಂಡೇ ತರಬೇಕು.

ನಾಟಿ ಅಂದರೆ ಒಂದೇ ತಳಿಯೂ ಅಲ್ಲ, ಅಲ್ವಾ? ಒಂದೇ ಪುಟ್ಟಿಯಲ್ಲಿ ಕರಿ, ಕೆಂಪು, ಚುಕ್ಕಿ, ಕೆಲವು ಬೋಳು ಕುತ್ತಿಗೆಯವು. ಈ ಬೋಳು ಕುತ್ತಿಗೆ ಒಂದೇ ಜೀನಿನ ಆಟ. ಪುಕ್ಕ ಕಡಿಮೆ ಇರುವುದರಿಂದ ಮೈಯ ಬಿಸಿ ಬೇಗ ಹೊರಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಉಳಿದವು ಬಾಯಿ ತೆರೆದು ಏದುಸಿರು ಬಿಡುವಾಗ ಇವು ನೆರಳಲ್ಲಿ ಮೇಯುತ್ತಿರುತ್ತವೆ.

ನನ್ನ ಲೆಕ್ಕ ಇಷ್ಟು. ದಿನಾ ಅಂಗಡಿಗೆ ಮೊಟ್ಟೆ ಹಾಕುವುದಾದರೆ, ಮೇವಿಗೆ ದುಡ್ಡು ಹಾಕುವ ಮನಸ್ಸಿದ್ದರೆ ಸ್ವರ್ಣಧಾರ. ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆಗೇ ಮನೆ ಅನ್ನುವವರಿಗೆ ನಾಟಿ. ಮೊಟ್ಟೆ ಕಡಿಮೆಯಾದರೂ ಒಂದೊಂದಕ್ಕೆ ರೇಟು ಜಾಸ್ತಿ ಸಿಗುತ್ತದೆ. ಯಾವುದೇ ಆಗಲಿ, ಕೊಕ್ಕರೆ ರೋಗಕ್ಕೆ (ರಾಣಿಕೇತ್) ಲಸಿಕೆ ತಪ್ಪಿಸಬೇಡಿ. ನಾಟಿಗೆ ಏನೂ ಆಗಲ್ಲ ಅನ್ನುವುದು ಸುಳ್ಳು.