ಟ್ರ್ಯಾಪ್ ಅಂಕಣ ಅತ್ಯುತ್ತಮ, ಸ್ಕೀಟ್ ಸುಧಾರಿಸಬೇಕು
ಈ ಶಾಟ್‌ಗನ್ ರೇಂಜ್‌ನ ನಿಜವಾದ ಬಲವೆಂದರೆ ಅದರ ಒಲಿಂಪಿಕ್ ಟ್ರ್ಯಾಪ್ ಅಂಕಣ, ಅಂದರೆ ಮುಂದಿನ ಕಂದಕದಿಂದ ಚಿಮ್ಮಿ ದೂರ ಹಾರುವ ತಟ್ಟೆಗಳಿಗೆ ಗುಂಡು ಹೊಡೆಯುವ ಜಾಗ. ಕಂದಕದಲ್ಲಿ ಅಳವಡಿಸಿರುವ 15 ಯಂತ್ರಗಳ ಪೈಕಿ, ಶೂಟರ್ ನಿಲ್ಲುವ ಪ್ರತಿ ಸ್ಥಾನಕ್ಕೆ ಮೀಸಲಾದ ಮೂರರಲ್ಲಿ ಒಂದು, ಶೂಟರ್ ಕೂಗಿದ ಕ್ಷಣವೇ 110 ಮಿಲಿಮೀಟರ್ ವ್ಯಾಸದ ತಟ್ಟೆಯನ್ನು ದಿಕ್ಕಿನ ಸುಳಿವನ್ನೂ ಕೊಡದೆ ಚಿಮ್ಮಿಸುತ್ತದೆ. ಗುರಿ ತಾಗಿದಾಗ ಕಿತ್ತಳೆ ಬಣ್ಣದ ತಟ್ಟೆ ಪುಡಿಪುಡಿಯಾಗಿ ಚದುರುವುದು ಹಸಿರು ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡು ಬದಿಯ ಗೋಪುರಗಳಿಂದ ತಟ್ಟೆ ಹಾರಿಸುವ ಸ್ಕೀಟ್ ಅಂಕಣದ ಬಗ್ಗೆ ಇದೇ ಮಾತು ಹೇಳಲಾರೆ. ಎತ್ತರದ ಗೋಪುರದ ಯಂತ್ರ ಆಗಾಗ ಒಡೆದ ತಟ್ಟೆಗಳನ್ನೇ ಎಸೆಯುತ್ತದೆ. ಬಂದೂಕನ್ನು ಸೊಂಟದ ಬಳಿ ಹಿಡಿದು, ತಟ್ಟೆ ಕಾಣುವವರೆಗೂ ಕಾಯಬೇಕಾದ ಈ ವಿಭಾಗದಲ್ಲಿ ಅದು ಏಕಾಗ್ರತೆಯನ್ನೇ ಕದಡುತ್ತದೆ. ಬಾಡಿಗೆಯ 12 ಬೋರ್ ಬಂದೂಕುಗಳು ಸುಸ್ಥಿತಿಯಲ್ಲಿವೆಯಾದರೂ, ಎಲ್ಲದರ ಸ್ಟಾಕ್ (ಭುಜಕ್ಕೊತ್ತಿ ಕೆನ್ನೆ ತಾಗಿಸುವ ಹಿಂಭಾಗ) ಒಂದೇ ಅಳತೆಯದ್ದಾಗಿರುವುದರಿಂದ ಕುಳ್ಳಗಿರುವವರಿಗೆ ಕೆನ್ನೆ ಸರಿಯಾಗಿ ಕೂರುವುದಿಲ್ಲ. ಕಿವಿರಕ್ಷಕ ಮತ್ತು ಕನ್ನಡಕವಿಲ್ಲದೆ ಯಾರನ್ನೂ ಒಳಬಿಡದ ಸಿಬ್ಬಂದಿಯ ಕಟ್ಟುನಿಟ್ಟು ನನಗೆ ತುಂಬ ಮೆಚ್ಚುಗೆಯಾಯಿತು.