ತರಬೇಡಿ ಎಂದು ಹೇಳಬಲ್ಲ ಸಹಾಯವಾಣಿ: ಹಕ್ಕಿಮರಿಗಳನ್ನು ನೋಡಿಕೊಳ್ಳುವ ಕೇಂದ್ರವೊಂದರ ಸೇವೆ ಕುರಿತು

ಒಂದೇ ವಾರದಲ್ಲಿ ಎರಡು ಬಾರಿ ನಾನು ವನ್ಯಜೀವಿ ಪುನರ್ವಸತಿ ಕೇಂದ್ರವೊಂದರ ಸಹಾಯವಾಣಿಗೆ ಕರೆ ಮಾಡಬೇಕಾಗಿ ಬಂತು. ಎರಡು ಸಲವೂ ಮಾತು ಒಂದೇ ಗೂಡಿನ ಪಿಕಳಾರದ ಮರಿಗಳದ್ದು. ಮೊದಲನೆಯದನ್ನು ಒಂದು ಕ್ಷಣವೂ ತಡಮಾಡದೆ ತನ್ನಿ ಎಂದ ಕೇಂದ್ರದವರು ಎರಡನೆಯದನ್ನು ತರಲೇಬೇಡಿ ಎಂದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಈ ವಿಮರ್ಶೆಯನ್ನು ಬರೆಯಲು ಕೂತಿರುವುದು ಮುಖ್ಯವಾಗಿ ಆ ಎರಡನೆಯ ಉತ್ತರದ ಕಾರಣದಿಂದಲೇ.

ಮೊದಲ ಮರಿಯನ್ನು ನಾನು ಬೇಲಿಯ ಬುಡದಲ್ಲಿ ಬೆಕ್ಕಿನ ಬಾಯಿಂದ ಬಿಡಿಸಿಕೊಂಡೆ. ಅದರ ಮೈಮೇಲೆ ರಕ್ತದ ಒಂದು ಹನಿಯೂ ಇರಲಿಲ್ಲ. ಕಣ್ಣು ತೆರೆದಿತ್ತು, ಬಾಯಿಯ ಅಂಚಿನ ಹಳದಿ ಇನ್ನೂ ದಪ್ಪವಾಗಿತ್ತು. ರೆಕ್ಕೆಯ ಗರಿಗಳು ಬೂದು ಬಣ್ಣದ ಸಣ್ಣ ಕೊಳವೆಗಳೊಳಗೇ ಇದ್ದು, ತುದಿಯಲ್ಲಿ ಮಾತ್ರ ಕುಂಚದ ಕೂದಲಿನಂತೆ ಬಿಚ್ಚಿಕೊಳ್ಳತೊಡಗಿದ್ದವು. ಹೊಟ್ಟೆಯ ಭಾಗ ಪೂರ್ತಿ ಬೋಳು. ಕತ್ತಿನ ಪಕ್ಕದಲ್ಲಿ ಚರ್ಮದಡಿ ಕಡಲೆಕಾಳಿನ ಗಾತ್ರದ ಒಂದು ಗುಳ್ಳೆ ಎದ್ದಿತ್ತು; ಬೆಳಕಿಗೆ ಹಿಡಿದರೆ ಅದರೊಳಗೆ ಗಾಳಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಮರಿ ಬಾಯಿ ತೆರೆದು ಉಸಿರಾಡುತ್ತಿದ್ದುದನ್ನು ಕಂಡು ಅದಕ್ಕೆ ಬಾಯಾರಿರಬೇಕೆಂದು ತಿಳಿದ ನಾನು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನೀರು ತುಂಬಿದ ಡ್ರಾಪರು ಹಿಡಿದುಕೊಂಡೇ ಸಹಾಯವಾಣಿಗೆ ಕರೆ ಮಾಡಿದೆ.

ಫೋನೆತ್ತಿದ ಸ್ವಯಂಸೇವಕಿ ನನ್ನ ಮಾತನ್ನು ಅರ್ಧಕ್ಕೆ ತಡೆದು ಹೇಳಿದ ಮೊದಲ ಮಾತು, "ಮೇಡಂ, ಮೊದಲು ಆ ಡ್ರಾಪರನ್ನು ಕೆಳಗಿಡಿ." ಕಾರಣವನ್ನು ಎರಡೇ ವಾಕ್ಯಗಳಲ್ಲಿ ತಿಳಿಸಿದರು. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದುಕೊಂಡಿರುತ್ತದೆ, ಆದ್ದರಿಂದ ಬಾಯಿಗೆ ಹನಿಸಿದ ನೀರು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುವುದು ಬಹಳ ಸುಲಭ. ಮರಿಗೆ ಬೇಕಾದ ನೀರಿನಂಶ ಗೂಡಿನಲ್ಲಿ ತಂದೆತಾಯಿ ಕೊಡುವ ಹುಳುಹಣ್ಣುಗಳಿಂದಲೇ ಸಿಗುತ್ತದೆ. ಹಾಲು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೂಡ ಕೂಡದು, ಏಕೆಂದರೆ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೈ ತಣ್ಣಗಾದ ಮರಿಗೆ ಏನನ್ನು ತಿನ್ನಿಸಿದರೂ ಅದು ಅರಗದೆ ಉಳಿದುಬಿಡುತ್ತದೆ. ಮೊದಲು ಬೆಚ್ಚಗಾಗಬೇಕು, ಆಮೇಲೆ ಮೈಗೆ ನೀರಿನಂಶ ಸೇರಬೇಕು, ಆಹಾರ ಎಲ್ಲಕ್ಕಿಂತ ಕೊನೆಯದು. ಈ ಅನುಕ್ರಮವನ್ನು ನನಗೆ ಈ ಹಿಂದೆ ಯಾರೂ ಹೇಳಿರಲಿಲ್ಲ. ಸಂಕಟದಲ್ಲಿರುವ ಜೀವಕ್ಕೆ ಗುಟುಕು ನೀರು ಕೊಡುವುದೇ ಮೊದಲ ಉಪಚಾರ ಎಂದು ನಂಬಿದ್ದ ನಾನು ಆ ಮರಿಯನ್ನು ನನ್ನ ಕೈಯಾರೆ ಕೊಂದುಬಿಡುತ್ತಿದ್ದೆ.

ನಂತರ ಪ್ರಶ್ನೆಗಳು ಬಂದವು. ಮೈಮೇಲೆ ಗರಿಗಳಿವೆಯೋ ಕೊಳವೆಗಳಿವೆಯೋ, ಬೆರಳಿನ ಮೇಲೆ ಕೂರಿಸಿದರೆ ಹಿಡಿದುಕೊಳ್ಳುತ್ತದೆಯೋ ಇಲ್ಲವೋ, ಎರಡು ರೆಕ್ಕೆಗಳೂ ಒಂದೇ ಮಟ್ಟದಲ್ಲಿವೆಯೋ, ಕಾಲು ಎಳೆಯುತ್ತಿದೆಯೋ, ಬೆಕ್ಕು ಬಾಯಿ ಹಾಕಿದ್ದನ್ನು ಕಣ್ಣಾರೆ ನೋಡಿದಿರೋ ಅಥವಾ ಹತ್ತಿರದಲ್ಲಿ ಬೆಕ್ಕು ಇತ್ತು ಅಷ್ಟೆಯೋ. ಈ ಕೊನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವೇ ನಿರ್ಧಾರವನ್ನು ಮಾಡಿಬಿಟ್ಟಿತು. ಗಾಯ ಕಾಣಿಸದಿದ್ದರೂ ಬೆಕ್ಕಿನ ಹಲ್ಲು ಸೂಜಿಯಂತೆ ಇಳಿದಿರುತ್ತದೆ, ಅದರ ಜೊಲ್ಲಿನಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಣ್ಣ ಹಕ್ಕಿಯನ್ನು ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು, ಆದ್ದರಿಂದ ಬೆಕ್ಕಿನ ಬಾಯಿಗೆ ಸಿಕ್ಕ ಮರಿ ಎಷ್ಟೇ ಚುರುಕಾಗಿ ಕಂಡರೂ ಅದೇ ದಿನ ಆಂಟಿಬಯೋಟಿಕ್ ಸಿಗಲೇಬೇಕು ಎಂದು ಅವರು ವಿವರಿಸಿದರು. ಕತ್ತಿನ ಗುಳ್ಳೆಯ ವಿಷಯ ಹೇಳಿದಾಗ ಅದನ್ನು ಒತ್ತಬೇಡಿ, ಚುಚ್ಚಬೇಡಿ ಎಂದರು. ಹಕ್ಕಿಯ ಮೈಯೊಳಗೆ ಉಸಿರಾಟಕ್ಕೆ ಸೇರಿದ ಗಾಳಿಚೀಲಗಳಿರುತ್ತವೆ. ಅವುಗಳಲ್ಲೊಂದು ಹರಿದರೆ ಗಾಳಿ ಚರ್ಮದಡಿಗೆ ಬಂದು ನಿಲ್ಲುತ್ತದೆ.

ಸಾಗಿಸುವ ಬಗೆಯನ್ನು ಹೇಳಿಕೊಟ್ಟ ರೀತಿಯೂ ಅಷ್ಟೇ ಸ್ಪಷ್ಟವಾಗಿತ್ತು. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ಸಣ್ಣ ತೂತುಗಳಿರಬೇಕು. ಒಳಗೆ ನಯವಾದ ಹಳೆಯ ಹತ್ತಿಬಟ್ಟೆ ಹಾಸಬೇಕು. ಟವೆಲಿನ ಎಳೆಕುಣಿಕೆಗಳಲ್ಲಿ ಮರಿಯ ಉಗುರು ಸಿಕ್ಕಿಕೊಂಡು ಕಾಲು ಉಳುಕಬಹುದಾದ್ದರಿಂದ ಟವೆಲು ಬೇಡ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ತಾಗುವಂತಿಟ್ಟರೆ, ಸೆಕೆ ಹೆಚ್ಚಾದಾಗ ಮರಿಗೆ ಇನ್ನರ್ಧ ಭಾಗಕ್ಕೆ ಸರಿದುಕೊಳ್ಳಲು ಜಾಗವಿರುತ್ತದೆ. ಹಕ್ಕಿಯ ಮೈಶಾಖ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ, ಗರಿಯಿಲ್ಲದ ಮರಿಗೆ ಅದನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿರುವುದಿಲ್ಲ, ಹೀಗಾಗಿ ನಮ್ಮ ಕೈಗೆ ಬೆಚ್ಚಗೆನಿಸುವ ಮರಿಯೂ ವಾಸ್ತವವಾಗಿ ಚಳಿಯಲ್ಲಿರಬಹುದು. ದಾರಿಯಲ್ಲಿ ಮುಚ್ಚಳ ತೆಗೆದು ನೋಡಬೇಡಿ, ಮೈ ಸವರಬೇಡಿ, ವಾಹನದಲ್ಲಿ ಹಾಡು ಹಾಕಬೇಡಿ ಎಂದೂ ಹೇಳಿದರು. ನಾವು ಪ್ರೀತಿಯಿಂದ ಸವರುವ ಕೈ ಮರಿಯ ಪಾಲಿಗೆ ಇನ್ನೊಂದು ಬೇಟೆಗಾರನ ಕೈ ಎಂಬುದನ್ನು ನಾನು ಅಂದು ಕಲಿತೆ.

ಕೇಂದ್ರವನ್ನು ತಲುಪಿದ ಮೇಲಿನ ಅನುಭವ ಫೋನಿನ ಅನುಭವದಷ್ಟು ಚೆನ್ನಾಗಿರಲಿಲ್ಲ. ದಾಖಲಾತಿಯ ಫಾರಂ ತುಂಬಿಸಿ ಮರಿಯನ್ನು ಒಳಗೆ ತೆಗೆದುಕೊಳ್ಳುವ ಹೊತ್ತಿಗೆ 40 ನಿಮಿಷ ಕಳೆದಿತ್ತು. ಕಾಯುವ ಕೊಠಡಿಯ ಪಕ್ಕದಲ್ಲೇ ಚಿಕಿತ್ಸೆಗೆ ಬಂದ ನಾಯಿಗಳು ಬೊಗಳುತ್ತಿದ್ದವು, ಪ್ರತಿ ಸಲ ಬೊಗಳಿದಾಗಲೂ ಪೆಟ್ಟಿಗೆಯೊಳಗೆ ಉಗುರು ರಟ್ಟನ್ನು ಕೆರೆಯುವ ಸದ್ದು ನನಗೆ ಕೇಳಿಸುತ್ತಿತ್ತು. ದಾರಿಯಲ್ಲಿ ಹಾಡು ಹಾಕಬೇಡಿ ಎಂದು ನಮಗೆ ಎಚ್ಚರಿಸಿದವರು ತಮ್ಮ ಬಾಗಿಲಲ್ಲಿ ಈ ಗದ್ದಲವನ್ನು ಉಳಿಸಿಕೊಂಡಿರುವುದು ಸರಿಯಲ್ಲ. ಪೆಟ್ಟಿಗೆಯನ್ನು ಮೊದಲು ಒಳಗೆ ತೆಗೆದುಕೊಂಡು, ಫಾರಂ ಆಮೇಲೆ ತುಂಬಿಸಿಕೊಂಡರೆ ಈ ತೊಂದರೆ ಪೂರ್ತಿ ನೀಗುತ್ತದೆ. ಇದನ್ನು ಅವರಿಗೆ ಬರೆದೂ ತಿಳಿಸಿದ್ದೇನೆ.

ಆದರೆ ಆ ಫಾರಂನಲ್ಲಿ ನಾನು ಮೆಚ್ಚಿದ ಒಂದು ಸಾಲು ಇತ್ತು. ಮತ್ತೆ ಸ್ವತಂತ್ರವಾಗಿ ಬದುಕುವ ಸಾಧ್ಯತೆಯೇ ಇಲ್ಲದೆ ನರಳುವ ಹಕ್ಕಿಗೆ ನೋವಿಲ್ಲದ ಸಾವನ್ನು ಕೊಡುವ ನಿರ್ಧಾರವನ್ನು ಪಶುವೈದ್ಯರು ತೆಗೆದುಕೊಳ್ಳಬಹುದು ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತಿತ್ತು. ಸಹಿ ಹಾಕುವಾಗ ಕೈ ನಡುಗಿತು. ಆದರೂ ಹಕ್ಕಿಯನ್ನು ಒಪ್ಪಿಸುವವರಿಗೆ ಈ ಮಾತು ಮೊದಲೇ ತಿಳಿದಿರುವುದು ಒಳ್ಳೆಯದು. ಪರೀಕ್ಷಿಸಿದ ವೈದ್ಯೆಯೂ ಸುಳ್ಳು ಭರವಸೆ ಕೊಡಲಿಲ್ಲ. ರೆಕ್ಕೆಯ ಮೂಳೆ ಗಟ್ಟಿಯಾಗಿದೆ, ಮುರಿದಿದ್ದರೂ ಹಕ್ಕಿಗಳ ಮೂಳೆ ಎರಡು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಆದರೆ ಬೆನ್ನಿನಲ್ಲಿ ಎರಡು ಹಲ್ಲಿನ ಗುರುತುಗಳಿವೆ, ನನ್ನ ಚಿಂತೆ ಅದರದ್ದು ಎಂದರು. ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ಬಾಲ್‌ಪೆನ್ನಿನ ಮೊನೆ ತಾಗಿದಂಥ ಎರಡು ಚುಕ್ಕೆಗಳು. ಅವುಗಳನ್ನು ನನ್ನಷ್ಟಕ್ಕೆ ನಾನು ಎಂದಿಗೂ ಕಾಣುತ್ತಿರಲಿಲ್ಲ.

ಮರಿ ಮೂರನೆಯ ರಾತ್ರಿ ಸತ್ತಿತು. ಆ ಸುದ್ದಿ ನನಗೆ ಸಿಕ್ಕಿದ್ದು ನಾನೇ ಫೋನು ಮಾಡಿ, ಅವರು ಕೊಟ್ಟಿದ್ದ ಪ್ರಕರಣ ಸಂಖ್ಯೆಯನ್ನು ಹೇಳಿ ವಿಚಾರಿಸಿದಾಗ. ಒಂದು ಸಾಲಿನ ಸಂದೇಶವನ್ನಾದರೂ ಅವರೇ ಕಳಿಸಬಹುದಿತ್ತು ಎಂಬ ಬೇಸರ ನನಗೆ ಈಗಲೂ ಇದೆ. ಆದರೆ ವಿಚಾರಿಸಿದಾಗ ಅವರು ಮಾತು ತೇಲಿಸಲಿಲ್ಲ; ಯಾವ ಔಷಧ ಕೊಟ್ಟರು, ಎರಡನೆಯ ದಿನ ಮರಿ ಹೇಗೆ ಬಾಯಿ ತೆರೆದು ಗುಟುಕು ಕೇಳಿತು, ನಂತರ ಹೇಗೆ ಮಂಕಾಯಿತು ಎಂಬುದನ್ನು ಪೂರ್ತಿ ಹೇಳಿದರು.

ಇದಾದ ಎರಡು ದಿನಕ್ಕೆ ಅದೇ ಬೇಲಿಯ ಕೆಳಗೆ ಎರಡನೆಯ ಮರಿ ಕಂಡಿತು. ಈ ಸಲ ನಾನು ಮೊದಲೇ ಪೆಟ್ಟಿಗೆ ಸಿದ್ಧಮಾಡಿಕೊಂಡು ಕರೆ ಮಾಡಿದ್ದೆ. ಮತ್ತೆ ಅದೇ ಪ್ರಶ್ನೆಗಳು. ಮೈತುಂಬ ಗರಿ ಬಂದಿದೆಯೆ? ಬಂದಿದೆ. ಬಾಲ? ಮೊಂಡಾಗಿದೆ. ಬೆರಳು ಹಿಡಿಯುತ್ತದೆಯೆ? ಗಟ್ಟಿಯಾಗಿ. ಕುಪ್ಪಳಿಸುತ್ತಿದೆಯೆ? ಹೌದು, ಆದರೆ ಹಾರುತ್ತಿಲ್ಲ. ಬೆಕ್ಕು ಮುಟ್ಟಿದೆಯೆ? ಇಲ್ಲ. ಹಾಗಾದರೆ ತರಬೇಡಿ, ಅದಕ್ಕೆ ಏನೂ ಆಗಿಲ್ಲ ಎಂದರು. ಅದರ ಒಡಹುಟ್ಟಿದ್ದು ಬೆಕ್ಕಿನಿಂದ ಸತ್ತು ಎರಡೇ ದಿನವಾಗಿದೆ, ನೆಲದ ಮೇಲಿರುವ ಮರಿಯನ್ನು ಬಿಟ್ಟುಬಿಡಿ ಎನ್ನುತ್ತೀರಲ್ಲ ಎಂದು ನಾನು ಸ್ವರ ಏರಿಸಿಯೇ ಕೇಳಿದೆ. ಅವರು ಸಮಾಧಾನದಿಂದ ವಿವರಿಸಿದರು. ಅನೇಕ ಜಾತಿಯ ಹಕ್ಕಿಮರಿಗಳು ಹಾರಲು ಕಲಿಯುವ ಮೊದಲೇ ಗೂಡು ಬಿಡುತ್ತವೆ, ಕೆಲವು ದಿನ ನೆಲದಲ್ಲೂ ಪೊದೆಯಲ್ಲೂ ಕಳೆಯುತ್ತವೆ, ತಂದೆತಾಯಿ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ನಾವು ಅನಾಥ ಎಂದು ಎತ್ತಿಕೊಂಡು ಬರುವ ಇಂಥ ಮರಿಗೆ ಮನೆಯವರು ಇದ್ದೇ ಇರುತ್ತಾರೆ. ನಾವು ಹತ್ತಿರ ನಿಂತಿರುವುದರಿಂದಲೇ ಅವು ಕೆಳಗಿಳಿಯುವುದಿಲ್ಲ.

ನಾನು ಮುಟ್ಟಿಬಿಟ್ಟಿದ್ದೇನಲ್ಲ, ಮನುಷ್ಯರ ವಾಸನೆ ತಾಗಿದ ಮರಿಯನ್ನು ತಾಯಿ ದೂರಮಾಡುತ್ತದಂತೆ ಎಂದೂ ಕೇಳಿದೆ. ಅದು ನಿಜವಲ್ಲ ಎಂಬ ಉತ್ತರ ಬಂತು. ಹಕ್ಕಿಗಳು ಮರಿಯನ್ನು ಗುರುತಿಸುವುದು ಹೆಚ್ಚಾಗಿ ದನಿಯಿಂದ, ಇರುವ ಜಾಗದಿಂದ. ಗರಿ ಬಾರದ ಮರಿ ಗಾಯವಿಲ್ಲದೆ ಬಿದ್ದಿದ್ದರೆ ಅದನ್ನು ಗೂಡಿಗೇ ಎತ್ತಿಡಬಹುದು, ಗೂಡು ಕೈಗೆಟುಕದಿದ್ದರೆ ತಳದಲ್ಲಿ ನೀರು ಬಸಿಯುವ ಸಣ್ಣ ಬುಟ್ಟಿಯನ್ನು ಅದರ ಸಮೀಪದ ಕೊಂಬೆಗೆ ಕಟ್ಟಿ ಅದರೊಳಗೆ ಬಿಡಬಹುದು. ಇಷ್ಟೆಲ್ಲ ಹೇಳಿದ ಮೇಲೆ ಅವರು ನನಗೆ ಕೊಟ್ಟ ಕೆಲಸ ಮೂರೇ: ಮರಿಯನ್ನು ಬೇಲಿಯ ದಟ್ಟ ಭಾಗದ ಕೊಂಬೆಯ ಮೇಲೆ ಕೂರಿಸುವುದು, ಬೆಕ್ಕಿನ ಮನೆಯವರನ್ನು ಕಂಡು ಕೆಲವು ದಿನ ಅದನ್ನು ಒಳಗಿಟ್ಟುಕೊಳ್ಳಲು ಕೇಳಿಕೊಳ್ಳುವುದು, ಕಿಟಕಿಯ ಹಿಂದಿನಿಂದ ಎರಡು ಗಂಟೆ ನೋಡುವುದು. ಅಷ್ಟರಲ್ಲಿ ಯಾವ ಹಕ್ಕಿಯೂ ಬರದಿದ್ದರೆ ಮತ್ತೆ ಕರೆ ಮಾಡಿ, ಆಗ ನಾವೇ ತೆಗೆದುಕೊಳ್ಳುತ್ತೇವೆ ಎಂದರು.

ಸುಮಾರು 20 ನಿಮಿಷದಲ್ಲಿ ಒಂದು ಪಿಕಳಾರ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ತಂತಿಯ ಮೇಲೆ ಬಂದು ಕೂತಿತು. ಅತ್ತಿತ್ತ ನೋಡಿತು, ಇಳಿಯಲಿಲ್ಲ, ಹಾರಿಹೋಯಿತು. ನನ್ನ ಎದೆ ಕುಸಿಯಿತು. ಕಿಟಕಿಯ ಪರದೆಯನ್ನು ಇನ್ನಷ್ಟು ಎಳೆದುಕೊಂಡೆ. ಎರಡನೆಯ ಸಲ ಅದು ನೇರವಾಗಿ ಬೇಲಿಯೊಳಗೆ ನುಗ್ಗಿತು, ಎಲೆಗಳ ನಡುವೆ ರೆಕ್ಕೆ ಅದುರಿಸುತ್ತಿದ್ದ ಮರಿಯ ಕೆಂಪು ಬಾಯಿ ಒಮ್ಮೆ ಕಂಡು ಮುಚ್ಚಿಕೊಂಡಿತು.

ಮರಿಯನ್ನು ಮನೆಯಲ್ಲೇ ಸಾಕಿದರಾಗದೆ ಎಂದು ಕೇಳುವವರು ಬಹಳ ಜನ. ಅನೇಕ ದೇಶಗಳಲ್ಲಿ ಅನುಮತಿಯಿಲ್ಲದೆ ಕಾಡುಹಕ್ಕಿಯನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತಾಯಿತು. ಅದಲ್ಲದೆ ಎಳೆಯ ಮರಿಗೆ ಬೆಳಗಿನಿಂದ ಸಂಜೆಯವರೆಗೆ 15ರಿಂದ 30 ನಿಮಿಷಕ್ಕೊಮ್ಮೆ ಗುಟುಕು ಬೇಕು, ಅದೂ ಜಾತಿಗೆ ತಕ್ಕಂತೆ. ಕಾಳು ತಿನ್ನುವ ಗುಬ್ಬಚ್ಚಿ ಸಹ ಮರಿಗೆ ಹುಳುವನ್ನೇ ಉಣಿಸುತ್ತದೆ. ಪಾರಿವಾಳದ ಮರಿ ಬಾಯಿ ತೆರೆದು ಗುಟುಕು ಕೇಳದೆ ತಾಯಿಯ ಗಂಟಲಿಗೇ ಕೊಕ್ಕು ತೂರಿಸಿ ಅಲ್ಲಿ ಊರುವ ಹಾಲಿನಂಥ ದ್ರವವನ್ನು ಕುಡಿಯುತ್ತದೆ. ಮಾಂಸವನ್ನಷ್ಟೇ ತಿನ್ನಿಸಿದರೆ ಸುಣ್ಣದಂಶ ಸಾಲದೆ ಮೂಳೆಗಳು ಬಾಗುತ್ತವೆ. ಇವೆಲ್ಲವನ್ನೂ ಹೇಗೋ ಸಂಭಾಳಿಸಿದರೂ ಉಳಿಯುವ ಅಪಾಯವೊಂದಿದೆ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1930ರ ದಶಕದಲ್ಲಿ ತೋರಿಸಿದಂತೆ, ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡ ಚಲಿಸುವ ಜೀವದ ಬೆನ್ನುಹತ್ತುತ್ತವೆ, ಅದು ಮನುಷ್ಯನಾದರೂ ಸರಿ. ಗೂಡಿನಲ್ಲಿ ಬೆಳೆಯುವ ಹಕ್ಕಿಗಳಲ್ಲೂ ಒಂಟಿಯಾಗಿ ಮನುಷ್ಯರ ಕೈಯಲ್ಲೇ ಬೆಳೆದ ಮರಿ ನಮ್ಮನ್ನೇ ತನ್ನವರೆಂದು ತಿಳಿಯಬಹುದು, ಭಯವನ್ನು ಮರೆಯಬಹುದು. ಈ ಕೇಂದ್ರದಲ್ಲಿ ಮರಿಗಳನ್ನು ಒಂದೇ ಜಾತಿಯ ಗುಂಪುಗಳಲ್ಲಿ ಇಡುತ್ತಾರೆ, ಮಾತನಾಡದೆ ಉಣಿಸುತ್ತಾರೆ, ನೋಡಲು ಬಂದವರನ್ನು ಒಳಗೆ ಬಿಡುವುದಿಲ್ಲ. ನನ್ನನ್ನೂ ಬಿಡಲಿಲ್ಲ. ಅದು ಸರಿಯೇ.

ಸುಧಾರಿಸಬೇಕಾದ ಇನ್ನೊಂದು ಸಂಗತಿ ರಾತ್ರಿಯ ವ್ಯವಸ್ಥೆ. ಸಂಜೆಯ ನಂತರ ಕರೆ ಮಾಡಿದವರಿಗೆ ಬೆಳಿಗ್ಗೆ ಮತ್ತೆ ಸಂಪರ್ಕಿಸಿ ಎಂಬ ಮುದ್ರಿತ ದನಿಯಷ್ಟೇ ಕೇಳುತ್ತದೆ. ಹಗಲಿನ ಹಕ್ಕಿಗಳ ಮರಿಗಳಿಗೆ ರಾತ್ರಿ ಉಣಿಸುವ ಅಗತ್ಯವಿಲ್ಲ. ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಪೆಟ್ಟಿಗೆ ಇಟ್ಟರೆ ಅನೇಕ ಮರಿಗಳು ಬೆಳಗಿನವರೆಗೆ ತಾಳಿಕೊಳ್ಳುತ್ತವೆ. ಇಷ್ಟನ್ನೂ, ನೀರು ಹಾಲು ಕೊಡಬೇಡಿ ಎಂಬುದನ್ನೂ ಅದೇ ದನಿಯಲ್ಲಿ ಸೇರಿಸಿದರೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ, ಆ ರಾತ್ರಿ ಡ್ರಾಪರು ಹಿಡಿದು ಕೂತ ಯಾರದೋ ಕೈ ತಡೆಯಲು ಅದು ಸಾಕು.

ಫೋನಿನ ಸಲಹೆಗೆ 5ಕ್ಕೆ 5, ವೈದ್ಯಕೀಯ ಕಾಳಜಿಗೂ 5, ದಾಖಲಾತಿಗೆ 2, ಸುದ್ದಿ ತಿಳಿಸುವುದಕ್ಕೆ 2 ಅಂಕ ಕೊಡುತ್ತೇನೆ. ಕರೆ ಮಾಡುವವರು ಮರಿಯ ಒಂದು ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳಿ, ಸಿಕ್ಕ ಜಾಗವನ್ನು ನಿಖರವಾಗಿ ಗುರುತು ಮಾಡಿಕೊಳ್ಳಿ. ಗುಣವಾದ ಮರಿಯನ್ನು ಅವರು ಸಾಧ್ಯವಾದಾಗಲೆಲ್ಲ ಅದೇ ಜಾಗಕ್ಕೆ ತಂದು ಬಿಡುತ್ತಾರೆ. ನನ್ನ ಬೇಲಿಯ ಮರಿ ಐದನೆಯ ದಿನ ಬೆಳಿಗ್ಗೆ ಅಲ್ಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದುರಿನ ಮರದಲ್ಲಿ ಮೊಂಡುಬಾಲದ ಹಕ್ಕಿಯೊಂದು ರೆಕ್ಕೆ ಅದುರಿಸುತ್ತ ಗುಟುಕು ಕೇಳುತ್ತಿತ್ತು.