ಒಂಬತ್ತು ವರ್ಷದ ಡಬ್ಬಿಗೆ ವಿಂಡೋಸ್ 11 ಹಾಕಿಸಬೇಕಾ?

ನಮ್ಮ ಮನೆಯ ಕಂಪ್ಯೂಟರ್ 2017ರದು. ಕಲಬುರಗಿಯಲ್ಲೇ ಅಸೆಂಬಲ್ ಮಾಡಿಸಿದ್ದು. ಇಂಟೆಲಿನ ಏಳನೇ ಜನರೇಷನ್ನಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ, ಟಿಪ್ಪಣಿ ಎಲ್ಲ ಇದರಲ್ಲೇ. ನಮ್ಮ ಮನೆಯವರು ದಾಲ್ ಮಿಲ್ಲಿನ ಲೆಕ್ಕ ನೋಡುತ್ತಾರೆ. ತೊಗರಿ ಬರೋ ಕಾಲದಲ್ಲಿ ರಾತ್ರಿ ಹನ್ನೊಂದಾದರೂ ಟ್ಯಾಲಿ ಮುಂದೆ ಕೂತಿರುತ್ತಾರೆ.

ಕಳೆದ ವರ್ಷ ಸ್ಕ್ರೀನಿನ ಮೇಲೆ ಆ ನೋಟಿಸ್ ಬರೋಕೆ ಶುರುವಾಯ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯುತ್ತೆ ಅಂತ. ಮನೆಯವರು ಗಾಬರಿಯಾಗಿ, "ಅಂದ್ರ ಅವತ್ತಿಂದ ಬಂದ್ ಆಗ್ತದೇನು?" ಅಂದರು. ಬಂದ್ ಏನೂ ಆಗಲ್ಲ. ಕಂಪ್ಯೂಟರ್ ಎಂದಿನ ಹಾಗೇ ನಡೆಯುತ್ತೆ. ಹೊಸ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ, ಅಷ್ಟೇ. ಆದರೆ ಬ್ಯಾಂಕಿನ ಕೆಲಸವೂ ಇದರಲ್ಲೇ ಮಾಡೋದರಿಂದ ಸುಮ್ನೆ ಬಿಡೋ ಹಾಗೂ ಇರಲಿಲ್ಲ.

ಸೂಪರ್ ಮಾರ್ಕೆಟ್ ಕಡೆ ಒಂದು ದೊಡ್ಡ ಅಂಗಡಿಗೆ ಹೋದೆ. ಹೆಸರು ಬೇಡ. ಡಬ್ಬಿ ಯಾವುದು, ಏನು ಕೆಲಸಕ್ಕೆ ಬಳಸುತ್ತೀರಿ, ಒಂದೂ ಕೇಳಲಿಲ್ಲ. "ಮೇಡಂ, 2017ರದ್ದಂದ್ರ ಅದು ಮುಗದಾದ್ರಿ. ಹೊಸಾದ್ ತಗೋರಿ" ಅಂತ 38,000ದ ಕೊಟೇಶನ್ ಬರೆದು ಕೈಗಿಟ್ಟರು. ಬೇಡ ಅಂದಾಗ, "ಹಂಗಾದ್ರ ಇದಕ್ಕೇ ಹನ್ನೊಂದ್ ಹಾಕಿ ಕೊಡ್ತೀವ್ರಿ, ಒಂದ್ ಟ್ರಿಕ್ ಅದ" ಅಂದರು.

ಆ ಟ್ರಿಕ್ ಏನು ಅಂತ ಮನೆಗೆ ಬಂದು ಓದಿಕೊಂಡೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. ಏಳನೆಯದರಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ವಿನಾಯಿತಿ. ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಇರಬೇಕು. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿದೆ. ಎರಡೂ ಕಡೆ ಕೆಂಪು ಗುರುತು. ಬಯಾಸಿಗೆ, ಅಂದರೆ ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಇಂಟೆಲ್ ಪಿಟಿಟಿ ಅನ್ನೋದನ್ನು (ಇಂಟೆಲಿನದೇ ಟಿಪಿಎಂ) ಆನ್ ಮಾಡಿದೆ, ಟಿಪಿಎಂ ಹಸಿರಾಯ್ತು. ಆಗ ನನಗಾದ ಖುಷಿ ಕೇಳಬೇಡಿ. ಆದರೆ ಪ್ರೊಸೆಸರ್ ಮಾತ್ರ ಕೆಂಪಾಗೇ ಉಳಿಯಿತು. ಅಂಗಡಿಯವರ ಟ್ರಿಕ್ ಅಂದರೆ ಈ ತಪಾಸಣೆಯನ್ನೇ ಹಾರಿಸಿ ಹಾಕೋದು. ಹಾಗೆ ಹಾಕಿದರೆ ನಡೆಯುತ್ತೆ, ಆದರೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟಿಗೋಸ್ಕರ ತಾನೇ ಇಷ್ಟೆಲ್ಲ ಒದ್ದಾಟ? ಬಿಟ್ಟುಬಿಟ್ಟೆ.

ಸೇಡಂ ರಸ್ತೆ ಕಡೆಯಿಂದ ಮನೆಗೇ ಬಂದು ರಿಪೇರಿ ಮಾಡೋ ಹುಡುಗನೊಬ್ಬ ಸಿಕ್ಕ. ಈ ರಿವ್ಯೂ ಬರೀತಿರೋದು ಮುಖ್ಯವಾಗಿ ಅವನ ಕೆಲಸಕ್ಕೆ. ಬಂದವನೇ ಟಾಸ್ಕ್ ಮ್ಯಾನೇಜರ್ ತೆಗೆದ, ಯಾವ ಭಾಗ ಎಷ್ಟು ದುಡೀತಿದೆ ಅಂತ ತೋರಿಸೋದು. ನಾನು ಏನೂ ತೆರೆದಿರಲಿಲ್ಲ, ಆದರೂ ಡಿಸ್ಕ್ ಅನ್ನೋ ಕಡೆ 100%. "ಮಷೀನಿಗೆ ಏನೂ ಆಗಿಲ್ರಿ ಮೇಡಂ. ಹಾರ್ಡ್ ಡಿಸ್ಕ್ ಸುಸ್ತ್ ಆಗ್ಯಾದ" ಅಂದ. ಡಬ್ಬಿ ಬಿಚ್ಚಿದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಹಾಸಿಗೆ ಥರ ಕೂತಿತ್ತು, ಬೆರಳಲ್ಲಿ ಎಳೆದರೆ ಪದರವಾಗಿ ಎದ್ದು ಬಂತು. ನಮ್ಮೂರ ಬೇಸಿಗೆಯಲ್ಲಿ ಪಾಪ ಅದು ಹೇಗೆ ಉಸಿರಾಡಿತ್ತೋ! ಮಾಳಿಗೆ ಮೇಲೆ ಒಯ್ದು ಬ್ಲೋವರ್ ಹೊಡೆದು ತಂದ.

ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಎಸ್‌ಎಸ್‌ಡಿ ಡ್ರೈವ್, 240 ಜಿಬಿಯದಕ್ಕೆ 1,900. ಒಂದು ಸ್ಲಾಟ್ ಖಾಲಿ ಇತ್ತು, ಅದಕ್ಕೆ ಸೆಕೆಂಡ್ ಹ್ಯಾಂಡ್ 4 ಜಿಬಿ ರ್‍ಯಾಮ್ 1,100. ಕೂಲಿ 500. ಒಟ್ಟು 3,500 ರೂಪಾಯಿ. ವಿಂಡೋಸನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ಕಾಪಿ ಮಾಡಿದ, ಹಳೇ ಡಿಸ್ಕನ್ನು ಫೈಲು ಇಡೋಕೆ ಬಿಟ್ಟ. ಮುಂಚೆ ಸ್ವಿಚ್ ಒತ್ತಿ ಹೋಗಿ ಚಾ ಕುದಿಸಿ ಸೋಸಿ ತಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಈಗ ಇಪ್ಪತ್ತು ಸೆಕೆಂಡ್.

ಹೋಗುವಾಗ ಅವನು ಪೆನ್ ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಟ್ಟ, ವಿಂಡೋಸ್ ಬದಲು ಬಳಸೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು, ದುಡ್ಡೂ ಇಲ್ಲ. ಎರಡು ಸಂಜೆ ನೋಡಿದೆ. ಚೆನ್ನಾಗಿದೆ. ಕೆಳಗೆ ಎಡಗಡೆ ಮೆನು, ವಿಂಡೋಸ್ ಬಳಸಿದವರಿಗೆ ಕಷ್ಟವಿಲ್ಲ. ಆಮೇಲೆ ನನ್ನ ಹಳೇ ಪ್ರಶ್ನೆಪತ್ರಿಕೆ ಒಂದನ್ನು ತೆರೆದೆ. ಎದೆ ಧಸಕ್ ಅಂತು. ಮೇಲೆ "ಕನ್ನಡ" ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿ ಮೇಲೆ ಗೆರೆ ಇರೋ ಎ, ಅದರ ಪಕ್ಕ ಪೌಂಡಿನ ಗುರುತು. ಪುಟದ ತುಂಬ ಹೀಗೇ.

ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೇ ಕಾಲದಿಂದ ಟೈಪ್ ಮಾಡಿದವರಿಗೆ ಇದು ಗೊತ್ತು. ಆ ಫೈಲಿನೊಳಗೆ ಇರೋದು ಕನ್ನಡ ಅಕ್ಷರ ಅಲ್ಲವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಚು. ವಿಂಡೋಸಿನಿಂದ ನುಡಿ ಫಾಂಟುಗಳನ್ನು ತಂದು ಹಾಕಿದೆ, ಓದೋಕೆ ಬಂತು. ಆದರೆ ತಿದ್ದಬೇಕಂದ್ರೆ ಹಳೇ ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸಿನದು. ಮನೆಯವರ ಟ್ಯಾಲಿಯದೂ ಅದೇ ಕಥೆ. ಬರೀ ಬ್ರೌಸರ್, ವಿಡಿಯೋ, ಮಕ್ಕಳ ಪಾಠ ಅನ್ನೋ ಮನೆಯಾದರೆ ಕಣ್ಣುಮುಚ್ಚಿ ಮಿಂಟ್ ಹಾಕಿಕೊಳ್ಳಿ ಅಂತೀನಿ. ನಮ್ಮ ಮನೆಗೆ ಆಗಲಿಲ್ಲ.

ಹಾಗಾಗಿ ಹತ್ತರಲ್ಲೇ ಉಳಿದೆ, ಆದರೆ ಇಎಸ್‌ಯು ಹಾಕಿಕೊಂಡು. ಅಂದರೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಬರುತ್ತೆ. 30 ಡಾಲರ್ ಕಟ್ಟಬಹುದು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿದರೆ ಪುಕ್ಕಟೆ. ನಾನು ಪುಕ್ಕಟೆಯದನ್ನೇ ತಗೊಂಡೆ. ನಿಮ್ಮದು ವಿಂಡೋಸ್ 10ರ ಕೊನೆಯ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಆ ಲಿಂಕ್ ಕಾಣುತ್ತೆ, ಐದು ನಿಮಿಷದ ಕೆಲಸ. ದಾಖಲೆ, ಫೋಟೋ ಎಲ್ಲ ಒನ್‌ಡ್ರೈವಿಗೆ ಕಳಿಸೋಕೆ ಒಪ್ಪಿಕೊಳ್ಳಬೇಡಿ. ಅಲ್ಲಿ ಪುಕ್ಕಟೆ ಜಾಗ 5 ಜಿಬಿ ಮಾತ್ರ.

ಹುಡುಗನಿಗೆ ಹತ್ತಕ್ಕೆ ಒಂಬತ್ತು ಅಂಕ. ಡಬ್ಬಿಯ ಒಂದು ಸ್ಕ್ರೂ ಹಾಕೋದು ಮರೆತಿದ್ದಾನೆ, ಫ್ಯಾನ್ ಜೋರಾದಾಗ ಪಕ್ಕದ ತಗಡು ಗುಂಯ್ ಅನ್ನುತ್ತೆ.

ಅಕ್ಟೋಬರಿನೊಳಗೆ ಹಳೇ ಫೈಲುಗಳನ್ನೆಲ್ಲ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣೋ ಅಕ್ಷರಕ್ಕೆ ತರೋಣ ಅಂತ ಕೂತಿದ್ದೀನಿ. ಕನ್ವರ್ಟರ್ ಕನ್ನಡವನ್ನು ಚೆನ್ನಾಗೇ ಬದಲಿಸುತ್ತೆ. ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಅಂದುಕೊಂಡು ಏನೋ ಒಂದು ಮಾಡಿ ಇಡುತ್ತೆ. ಹಾಗಾಗಿ ಪ್ರತಿ ಪತ್ರಿಕೆಯ ತಲೆಬರಹವನ್ನು ಕೈಯಲ್ಲೇ ತಿದ್ದಬೇಕು. ಅರವತ್ತು ಆಗಿವೆ, ಇನ್ನೂರರ ಮೇಲೆ ಉಳಿದಿವೆ.